ಹಂಪಿಯ ಪರಂಪರೆಯೂ ವ್ಯಾಪಾರದ ಬಂಡವಾಳವೂ

ಹಂಪಿಯ ವಿಚಾರ ಬಂದಾಗಲೆಲ್ಲ ವ್ಯಾಪಾರ ವಲಯದಲ್ಲಿ ಒಂದು ಬಗೆಯ ಔದಾಸೀನ್ಯ ಕಂಡುಬರುತ್ತದೆ. ಅದು ಇತಿಹಾಸಕಾರರ, ಶಿಲ್ಪಕಲಾಭಿಮಾನಿಗಳ, ಯಾತ್ರಿಕರ ಕ್ಷೇತ್ರ. ಅಂಗಡಿ, ಕಾರ್ಖಾನೆ ನಡೆಸುವವರಿಗೆ ಅಲ್ಲಿ ಮಾಡುವಂಥದೇನೂ ಇಲ್ಲ. ಹೊರಊರಿನಿಂದ ಬಂದ ಗಿರಾಕಿಗಳನ್ನು ಒಂದು ದಿನ ಕರೆದೊಯ್ದು ತೋರಿಸಿದರೆ ಸಾಕು ಎಂಬ ಭಾವನೆ ಬಲವಾಗಿ ಬೇರೂರಿದೆ. ಈ ಭಾವನೆ ಚರಿತ್ರೆಗೂ ಹೊಂದುವುದಿಲ್ಲ, ಇಂದಿನ ಲಾಭನಷ್ಟದ ಲೆಕ್ಕಕ್ಕೂ ಹೊಂದುವುದಿಲ್ಲ. ಹಂಪಿಯಲ್ಲಿ ದೇವಾಲಯಗಳನ್ನು ಬಿಟ್ಟರೆ ಕಣ್ಣಿಗೆ ಎದ್ದು ಕಾಣುವ ಅವಶೇಷಗಳೆಂದರೆ ಪೇಟೆಗಳೇ. ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠ್ಠಲ ಈ ನಾಲ್ಕು ದೊಡ್ಡ ದೇವಾಲಯಗಳ ಪೈಕಿ ಒಂದೊಂದರ ಮುಂದೆಯೂ ಕಲ್ಲಿನ ಸಾಲುಮಂಟಪಗಳಿಂದ ಕೂಡಿದ ಉದ್ದನೆಯ ಬಜಾರು ಇದೆ. ಹಜಾರರಾಮ ದೇವಾಲಯದ ಬಳಿಯಿಂದ ಸಾಗುವ ಬೀದಿಗೆ ಪಾನ್ ಸುಪಾರಿ ಬಜಾರ್ ಎಂದೇ ಹೆಸರು. ವಿರೂಪಾಕ್ಷ ದೇವಾಲಯದ ಗೋಪುರದಿಂದ ಪೂರ್ವದಿಕ್ಕಿನ ಏಕಶಿಲಾ ನಂದಿಯವರೆಗಿನ ರಥಬೀದಿ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದವಿದೆ. ದೇವರ ಎದುರಿಗೇ ಅಂಗಡಿ ತೆರೆಯಲು ಅಂದಿನ ಅರಸರು ಸಂಕೋಚಪಡಲಿಲ್ಲ. ದೇವಾಲಯವೂ ಪೇಟೆಯೂ ಒಂದೇ ಯೋಜನೆಯ ಎರಡು ಭಾಗಗಳಾಗಿದ್ದವು.

ಈ ಪೇಟೆಗಳ ವೈಭವಕ್ಕೆ ಸಾಕ್ಷಿ ನುಡಿದವರಲ್ಲಿ ವ್ಯಾಪಾರ ಬಲ್ಲವರೂ ಇದ್ದರೆಂಬುದನ್ನು ಸಾಮಾನ್ಯವಾಗಿ ಮರೆಯಲಾಗುತ್ತದೆ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬಂದಾಗ ಮುತ್ತುರತ್ನಗಳನ್ನು ಬಯಲು ಬಜಾರಿನಲ್ಲಿಯೇ ಮಾರುತ್ತಿದ್ದುದನ್ನು ಕಂಡು ಬೆರಗಾದನು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ನಗರವನ್ನು ರೋಮಿಗೆ ಹೋಲಿಸಿದ್ದಲ್ಲದೆ ಧಾನ್ಯ, ಹಣ್ಣು, ತರಕಾರಿ, ಪಶುಪಕ್ಷಿಗಳ ಸಮೃದ್ಧಿಯನ್ನು ಮಾರುಕಟ್ಟೆಯ ಕಣ್ಣಿನಿಂದಲೇ ವರ್ಣಿಸಿದನು. ಅವನ ನಂತರ 1530ರ ದಶಕದಲ್ಲಿ ಇಲ್ಲಿ ಕೆಲವು ವರ್ಷ ನೆಲೆಸಿ ರಾಜ್ಯದ ವೃತ್ತಾಂತವನ್ನು ಬರೆದ ಫರ್ನಾವೊ ನೂನಿಜ್ ಕುದುರೆ ವ್ಯಾಪಾರಿ. ಅರಬ್ಬೀ ಸಮುದ್ರ ದಾಟಿ ಬರುತ್ತಿದ್ದ ಕುದುರೆಗಳು ಭಟ್ಕಳ, ಗೋವೆಗಳ ಮೂಲಕ ಘಟ್ಟ ಹತ್ತಿ ಈ ನಗರಕ್ಕೆ ಸೇರುತ್ತಿದ್ದವು. ರಾಜ್ಯದ ಬಲವೇ ಆ ಒಂದು ಸರಕಿನ ಮೇಲೆ ನಿಂತಿತ್ತೆಂದರೆ ಹೆಚ್ಚಾಗಲಾರದು. ವಿಠ್ಠಲ ದೇವಾಲಯದ ಅಧಿಷ್ಠಾನದ ಪಟ್ಟಿಕೆಗಳಲ್ಲಿ ಕುದುರೆ ಹಿಡಿದು ನಿಂತಿರುವ ಪರದೇಶಿ ವರ್ತಕರ ಆಕೃತಿಗಳನ್ನು ಇಂದಿಗೂ ಮಾರ್ಗದರ್ಶಿಗಳು ಗುರುತಿಸಿ ತೋರಿಸುತ್ತಾರೆ.

1336ರಿಂದ 1565ರವರೆಗಿನ ಎರಡು ಶತಮಾನಗಳಿಗೂ ಮೀರಿದ ಈ ಕಥೆ ಶಾಲಾಮಕ್ಕಳಿಗೂ ಪರಿಚಿತ. ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1565ರ ಜನವರಿಯ ಯುದ್ಧದ ನಂತರ ನಗರ ಬರಿದಾಯಿತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅದರ ಛಾಯಾಚಿತ್ರಗಳನ್ನು ತೆಗೆದನು, 1900ರಲ್ಲಿ ರಾಬರ್ಟ್ ಸಿವೆಲ್ ಗ್ರಂಥವನ್ನು ಪ್ರಕಟಿಸಿದನು. 1986ರಲ್ಲಿ ಯುನೆಸ್ಕೊ ಸಂಸ್ಥೆಯು ಹಂಪಿಯ ಸ್ಮಾರಕ ಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಲ್ಲು, ನೀರು, ಬಾಳೆತೋಟ

ಸ್ಮಾರಕಗಳನ್ನು ಕುರಿತು ಎಷ್ಟು ಹೇಳಿದರೂ ಹಂಪಿಯ ಆಕರ್ಷಣೆಯ ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ. ಶಿಲ್ಪದ ಸೂಕ್ಷ್ಮತೆಯನ್ನೇ ಮುಖ್ಯವಾಗಿ ಅರಸುವವರಿಗೆ ಬೇಲೂರು, ಹಳೇಬೀಡುಗಳಿವೆ. ಕಟ್ಟಡ ಕಲೆಯ ಆರಂಭದ ಪ್ರಯೋಗಗಳನ್ನು ನೋಡಬೇಕೆನ್ನುವವರಿಗೆ ಐಹೊಳೆ, ಪಟ್ಟದಕಲ್ಲುಗಳಿವೆ. ಹಂಪಿಯಲ್ಲಿ ಮಾತ್ರ ಕಾಣಸಿಗುವುದೆಂದರೆ ಕಟ್ಟಡಕ್ಕೂ ಅದು ನಿಂತ ನೆಲಕ್ಕೂ ಇರುವ ಬಿಡಿಸಲಾಗದ ನಂಟು. ಇಲ್ಲಿಯ ಗ್ರಾನೈಟ್ ಶಿಲೆಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸು. ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಆ ಗುಂಡುಗಳನ್ನು ಯಾವ ಭೂಕಂಪವೂ ಎಸೆದು ಹೋದದ್ದಲ್ಲ. ನೆಲದೊಳಗಿನ ಅಖಂಡ ಶಿಲೆಯ ಬಿರುಕುಗಳಿಗೆ ನೀರು ಇಳಿದು, ಮೂಲೆಗಳು ಕೊಳೆತು ಸವೆದು, ಮೆತುವಾದ ಭಾಗ ಕೊಚ್ಚಿಹೋಗಿ, ಗಟ್ಟಿಯಾದ ತಿರುಳು ಇದ್ದಲ್ಲಿಯೇ ಉಳಿದದ್ದರಿಂದ ಆದ ರೂಪ ಅದು. ವಾಲಿ ಸುಗ್ರೀವರು ಕಾಳಗದಲ್ಲಿ ಎಸೆದಾಡಿದ ಕಲ್ಲುಗಳೆಂದು ಜನಪದರು ಹೇಳುತ್ತಾರೆ. ಪ್ರವಾಸಿಯ ಮಟ್ಟಿಗೆ ಎರಡು ವಿವರಣೆಗಳೂ ಬೆಲೆಯುಳ್ಳವೇ.

ಈ ಬಂಡೆಗಳ ನಡುವೆ ತುಂಗಭದ್ರೆ ಹರಿಯುತ್ತಾಳೆ. ಪಾಯಸ್ ಕಂಡಿದ್ದ ಬುಟ್ಟಿಯಾಕಾರದ ಹರಿಗೋಲುಗಳು ಇಂದಿಗೂ ನದಿಯಲ್ಲಿ ಸುತ್ತುತ್ತವೆ. ವಿಜಯನಗರದ ಕಾಲದ ತುರ್ತು ಕಾಲುವೆ ಐದು ಶತಮಾನಗಳ ನಂತರವೂ ಗದ್ದೆ, ಬಾಳೆತೋಟಗಳಿಗೆ ನೀರುಣಿಸುತ್ತಿದೆ. ಜಗತ್ತಿನ ಪಾಳುನಗರಗಳಲ್ಲಿ ಆ ನಗರದವರೇ ಕಟ್ಟಿದ ಕಾಲುವೆ ಇನ್ನೂ ಬೆಳೆ ಬೆಳೆಸುತ್ತಿರುವಂಥವು ವಿರಳ. ಸಮೀಪದ ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಪಾತ್ರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು. ಹಂಪಿ, ಆನೆಗೊಂದಿಗಳು ಈ ಪಾತ್ರದ ದಂಡೆಯಲ್ಲಿಯೇ ಇವೆ. ಈ ಸಂಗತಿ ಹೊಸಪೇಟೆಯ ವರ್ತಕರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ ಹೇಳಲಾಗದು.

ಇದನ್ನೆಲ್ಲ ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಪ್ರವಾಸಿ ಹಣ ಕೊಡುವುದು ಕೋಣೆಗೆ, ಊಟಕ್ಕೆ, ವಾಹನಕ್ಕೆ. ಆದರೆ ಅವನು ಬರುವುದು ಈ ನೋಟಕ್ಕೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಕೋಣೆ, ಊಟಗಳು ಬಡ್ಡಿ. ಬಂಡೆ, ಹೊಳೆ, ಬಾಳೆತೋಟ, ಸ್ಮಾರಕಗಳು ಅಸಲು. ಬಂಡೆ ಒಡೆದು ಜಲ್ಲಿ ಮಾಡಿದವನೂ, ಗದ್ದೆಗೆ ಮಣ್ಣು ತುಂಬಿಸಿ ಕಾಂಕ್ರೀಟು ಕೊಠಡಿ ಏರಿಸಿದವನೂ ಅಸಲನ್ನೇ ಖರ್ಚಿಗೆ ಎತ್ತಿಕೊಂಡವರು. ಖರ್ಚು ಒಬ್ಬನದು, ನಷ್ಟ ಮಾತ್ರ ಸುತ್ತಲಿನ ಎಲ್ಲ ಅಂಗಡಿಗಳದು. 2017ರಲ್ಲಿ ರಿಸರ್ವ್ ಬ್ಯಾಂಕು ಹೊಸ ಐವತ್ತು ರೂಪಾಯಿ ನೋಟಿನ ಹಿಂಬದಿಗೆ ಕಲ್ಲಿನ ರಥವನ್ನು ಅಚ್ಚು ಹಾಕಿಸಿತು. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ವರ್ಷ ನೋಡಲೇಬೇಕಾದ 52 ಸ್ಥಳಗಳಲ್ಲಿ ಹಂಪಿಗೆ ಎರಡನೆಯ ಸ್ಥಾನ ನೀಡಿತು. ಯಾವ ಉದ್ಯಮಿಯೂ ಕೋಟಿಗಟ್ಟಲೆ ಕೊಟ್ಟು ಪಡೆಯಲಾಗದ ಪ್ರಚಾರ ಇದು. ಇಷ್ಟಾಗಿಯೂ ಈ ಪ್ರದೇಶದಲ್ಲಿ ಬಂಡವಾಳ ಹೂಡಿದ ಸಣ್ಣ ವ್ಯಾಪಾರಿ ನೆಮ್ಮದಿಯಿಂದ ನಿದ್ರಿಸುವ ಸ್ಥಿತಿ ಇಲ್ಲದಿರುವುದೇಕೆ ಎಂಬುದು ವಿಚಾರ ಮಾಡಬೇಕಾದ ಪ್ರಶ್ನೆ.

ಒಂದೇ ತಿಂಗಳಿನ ಎರಡು ಪೆಟ್ಟುಗಳು

ಹೊಸಪೇಟೆ ಪ್ರದೇಶದ ವ್ಯಾಪಾರಕ್ಕೆ 2011ರ ಜುಲೈ ತಿಂಗಳು ಮರೆಯಲಾಗದ್ದು. ಚೀನಾದ ಬೇಡಿಕೆಯಿಂದಾಗಿ ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿದ ವರ್ಷಗಳಲ್ಲಿ ಸಂಡೂರು, ಹೊಸಪೇಟೆ, ಬಳ್ಳಾರಿಗಳಲ್ಲಿ ಹಣ ಹೊಳೆಯಾಗಿ ಹರಿದಿತ್ತು. ಲಾರಿ, ಟಯರು, ಡೀಸೆಲ್, ಗ್ಯಾರೇಜು, ವಸತಿಗೃಹ ಎಲ್ಲಕ್ಕೂ ಕೈತುಂಬ ಕೆಲಸ. ಆ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಸಾಲ ಮಾಡಿ ಲಾರಿ ಕೊಂಡವರ ಪಾಡು ಏನಾಯಿತೆಂಬುದು ಈ ಪತ್ರಿಕೆಯ ಓದುಗರಿಗೆ ತಿಳಿಯದ್ದಲ್ಲ. ಮುಂದೆ ಗಣಿಗಳು ವರ್ಗೀಕರಣ, ಉತ್ಪಾದನಾ ಮಿತಿ ಮುಂತಾದ ಷರತ್ತುಗಳೊಂದಿಗೆ ಹಂತಹಂತವಾಗಿ ತೆರೆದವು. ಹಳೆಯ ಭರಾಟೆ ಮರಳಲಿಲ್ಲ. ಅಗೆದು ಸಾಗಿಸಿದ ಅದಿರಂತೂ ಮರಳುವಂಥದೇ ಅಲ್ಲ.

ಅದೇ ಜುಲೈ ತಿಂಗಳಿನಲ್ಲಿಯೇ ಹಂಪಿಯ ವಿರೂಪಾಕ್ಷ ಬಜಾರಿನ ಅಂಗಡಿ, ಮನೆಗಳನ್ನು ತೆರವುಗೊಳಿಸಲಾಯಿತು. ಸಾಲುಮಂಟಪಗಳಿಗೆ ಗೋಡೆ ಕಟ್ಟಿ, ಬಾಗಿಲಿಟ್ಟು, ಹಲವು ದಶಕಗಳಿಂದ ಅಲ್ಲಿ ವಾಸವೂ ವ್ಯಾಪಾರವೂ ನಡೆದುಬಂದಿತ್ತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಅವರಿಗೆ ಕಡ್ಡಿರಾಂಪುರದಲ್ಲಿ ನಿವೇಶನ ಒದಗಿಸುವ ಏರ್ಪಾಡಾಯಿತು; ಆದರೆ ರಥಬೀದಿಯಲ್ಲಿ ಬಾಳೆಹಣ್ಣು, ಕುಂಕುಮ, ಚಹಾ ಮಾರುತ್ತಿದ್ದವನಿಗೆ ಯಾತ್ರಿಕರ ದಾರಿಯಿಂದ ದೂರದ ನಿವೇಶನ ಮನೆಯಾಗಬಲ್ಲುದೇ ಹೊರತು ಅಂಗಡಿಯಾಗಲಾರದು. ಸಾಲುಮಂಟಪಗಳನ್ನು ಉಳಿಸಬೇಕೆಂಬ ಇಲಾಖೆಯ ನಿಲುವು ತಪ್ಪಲ್ಲ. ಆ ಕಂಬಗಳಿಗೆ ಮೊಳೆ ಹೊಡೆದು ಸಿಮೆಂಟು ಬಳಿದುದನ್ನು ಯಾರೂ ಸಮರ್ಥಿಸಲಾರರು. ಆದರೂ ಐದುನೂರು ವರ್ಷಗಳ ಹಿಂದೆ ಪೇಟೆಯಾಗಲೆಂದೇ ಕಟ್ಟಿದ ಬೀದಿಯಲ್ಲಿ ವ್ಯಾಪಾರವನ್ನು ಅಳಿಸಿ ಕೇವಲ ಕಲ್ಲನ್ನು ಉಳಿಸಿದಾಗ ಪರಂಪರೆಯ ಒಂದು ಪಾಲು ಉಳಿಯಿತು, ಇನ್ನೊಂದು ಪಾಲು ಹೋಯಿತು. ಕಲ್ಲಾದರೂ ಕ್ಷೇಮವಾಗಿ ಉಳಿಯಿತೇ ಎಂದು ನೋಡಿದರೆ, 2024ರ ಮೇ ತಿಂಗಳ ಮಳೆಗೆ ಅದೇ ಬೀದಿಯ ಸಾಲುಮಂಟಪದ ಒಂದು ಭಾಗ ಕುಸಿದುಬಿತ್ತು.

ನದಿಯ ಆಚೆಗೆ ನಡೆದುದು ಇದಕ್ಕಿಂತ ದೊಡ್ಡ ಪಾಠ. ವಿರೂಪಾಪುರ ಗಡ್ಡೆಯಲ್ಲಿ ವಿದೇಶಿ ಪ್ರವಾಸಿಗರನ್ನು ನಂಬಿ ತಂಗುದಾಣ, ಉಪಾಹಾರ ಗೃಹಗಳು ಒಂದೊಂದಾಗಿ ತಲೆಯೆತ್ತಿದವು. ಗದ್ದೆಯ ಹಸಿರು, ನದಿ, ಎದುರು ದಂಡೆಯ ಗೋಪುರ. ಇಂಥ ಜಾಗಕ್ಕೆ ಗಿರಾಕಿಗಳ ಕೊರತೆ ಬರಲಿಲ್ಲ. ಆದರೆ ಈ ಪ್ರದೇಶವು 1988ರ ಸರ್ಕಾರಿ ಅಧಿಸೂಚನೆಯಿಂದಲೇ ಸಂರಕ್ಷಿತ ವಲಯಕ್ಕೆ ಸೇರಿತ್ತೆಂದು ಪ್ರಾಧಿಕಾರ ವಾದಿಸಿತು. ವ್ಯಾಜ್ಯ ವರ್ಷಾನುಗಟ್ಟಲೆ ನಡೆದು, 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರದಲ್ಲಿ ಯಂತ್ರಗಳು ಗಡ್ಡೆಗೆ ಬಂದವು. ಅದೇ ತಿಂಗಳ ಕೊನೆಗೆ ಕೊರೋನಾದ ದಿಗ್ಬಂಧನವೂ ಬಂದುದರಿಂದ ಉಳಿದ ಪ್ರವಾಸೋದ್ಯಮವೂ ನೆಲಕಚ್ಚಿತು.

ಸೇತುವೆಯ ಕಥೆಯೂ ಇದೇ ಜಾಡಿನದು. 1990ರ ದಶಕದಲ್ಲಿ ತಳವಾರಘಟ್ಟದಿಂದ ಆನೆಗೊಂದಿಗೆ ವಾಹನಗಳ ಸೇತುವೆಯನ್ನೂ, ವಿರೂಪಾಪುರ ಗಡ್ಡೆಗೆ ಕಾಲುಸೇತುವೆಯನ್ನೂ ಆರಂಭಿಸಲಾಯಿತು. ಎರಡು ದಂಡೆಗಳ ರೈತರಿಗೂ ವರ್ತಕರಿಗೂ ಸೇತುವೆ ಬೇಕಾಗಿದ್ದುದು ನಿಜ. ಆದರೆ ಜಾಗದ ಆಯ್ಕೆ ಸ್ಮಾರಕಗಳ ನಟ್ಟನಡುವೆ ಆದುದರಿಂದ 1999ರಲ್ಲಿ ಹಂಪಿ ‘ಅಪಾಯದಲ್ಲಿರುವ ವಿಶ್ವ ಪರಂಪರೆ’ಯ ಪಟ್ಟಿಗೆ ಸೇರಿತು, ಹೊರಬರಲು 2006ರವರೆಗೆ ಕಾಯಬೇಕಾಯಿತು. ಅರ್ಧಕ್ಕೆ ನಿಂತು ಮತ್ತೆ ಶುರುವಾದ ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಕೊನೆಗೆ ಬುಕ್ಕಸಾಗರ ಮತ್ತು ಕಡೇಬಾಗಿಲಿನ ನಡುವೆ, ಸ್ಮಾರಕಗಳಿಂದ ದೂರದಲ್ಲಿ ಸೇತುವೆ ಆಯಿತು. ಮೊದಲೇ ಅಲ್ಲಿ ಕಟ್ಟಿದ್ದರೆ ಹಣವೂ ಹೆಸರೂ ಜೀವಗಳೂ ಉಳಿಯುತ್ತಿದ್ದವು.

ರಿಯಾಯಿತಿಯಲ್ಲ, ಖಚಿತತೆ

ಈ ಮೂರು ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ವ್ಯಾಪಾರ ವಲಯದ ಸಾಮಾನ್ಯ ದೂರು ಎಷ್ಟು ಸರಿ ಎಂಬ ಸಂದೇಹ ಮೂಡುತ್ತದೆ. ಪರಂಪರೆಯ ಕಾನೂನುಗಳು ಬಿಗಿಯಾಗಿರುವುದರಿಂದ ಉದ್ಯಮ ಬೆಳೆಯುತ್ತಿಲ್ಲ, ಸ್ವಲ್ಪ ಸಡಿಲಿಸಬೇಕು ಎಂಬುದು ಆ ದೂರು. ವಾಸ್ತವವಾಗಿ ವ್ಯಾಪಾರಿಯನ್ನು ಮುಳುಗಿಸಿದ್ದು ಬಿಗಿಯಲ್ಲ, ಸಡಿಲವೇ. ಮೊದಲ ಅಂಗಡಿ ಎದ್ದಾಗ ಯಾರೂ ಕೇಳಲಿಲ್ಲ, ಹತ್ತನೆಯದಕ್ಕೂ ಕೇಳಲಿಲ್ಲ, ನೂರನೆಯದು ಎದ್ದ ಮೇಲೆ ಎಲ್ಲಕ್ಕೂ ಒಂದೇ ದಿನ ನೋಟೀಸು ಬಂದಿತು. ಮೊದಲನೆಯವನನ್ನು ಮೊದಲ ದಿನವೇ ತಡೆದಿದ್ದರೆ ಅವನು ಹೊಸಪೇಟೆಯಲ್ಲೋ ಕಮಲಾಪುರದಲ್ಲೋ ಗಂಗಾವತಿಯಲ್ಲೋ ಜಾಗ ನೋಡಿಕೊಳ್ಳುತ್ತಿದ್ದ; ಅವನ ಹತ್ತಿಪ್ಪತ್ತು ವರ್ಷಗಳ ದುಡಿಮೆ ಒಂದು ಬೆಳಗಿನಲ್ಲಿ ಮಣ್ಣಾಗುತ್ತಿರಲಿಲ್ಲ. ತೆರಿಗೆಯ ರಸೀದಿ, ವಿದ್ಯುತ್ ಮೀಟರು, ಪಂಚಾಯತಿಯ ಒಂದು ಕಾಗದ ಇವು ಸಂರಕ್ಷಿತ ಪ್ರದೇಶದಲ್ಲಿ ಕಟ್ಟಡವನ್ನು ಕಾಯಲಾರವು ಎಂಬುದನ್ನು ವಿರೂಪಾಪುರ ಗಡ್ಡೆ ಸ್ಪಷ್ಟಪಡಿಸಿದೆ. ಹಾಗಿದ್ದೂ ಇಂದಿಗೂ ಅಂಥ ಕಾಗದಗಳ ಬಲದ ಮೇಲೆಯೇ ಜಮೀನು ಕೈಬದಲಾಗುತ್ತಿರುತ್ತದೆ.

ಕಾನೂನಿನ ಚೌಕಟ್ಟು ಇಲ್ಲವೆಂದಲ್ಲ. ಒಂದಕ್ಕಿಂತ ಹೆಚ್ಚು ಚೌಕಟ್ಟುಗಳಿವೆ. ಕೇಂದ್ರದ ಸ್ಮಾರಕ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನವರೆಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಸ್ಮಾರಕಗಳು ಒತ್ತೊತ್ತಾಗಿರುವ ಹಂಪಿಯಂಥ ಕಡೆ ಒಂದರ ನೂರು ಮೀಟರು ಇನ್ನೊಂದರ ಇನ್ನೂರು ಮೀಟರಿನೊಳಗೆ ಹೆಣೆದುಕೊಳ್ಳುತ್ತದೆ. ಇದಲ್ಲದೆ 2002ರ ರಾಜ್ಯ ಕಾಯಿದೆಯ ಮೂಲಕ ರಚಿತವಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವಿದೆ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ, ರಾಜ್ಯದ ಪುರಾತತ್ವ ಇಲಾಖೆ, ವಿರೂಪಾಕ್ಷ ದೇವಾಲಯದ ಮಟ್ಟಿಗೆ ಧಾರ್ಮಿಕ ದತ್ತಿ ಇಲಾಖೆ, ನದಿಪಾತ್ರದ ಮಟ್ಟಿಗೆ ಅರಣ್ಯ ಇಲಾಖೆ, ಊರಿನ ಮಟ್ಟಿಗೆ ಗ್ರಾಮ ಪಂಚಾಯತಿಗಳಿವೆ. ದಕ್ಷಿಣ ದಂಡೆ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ, ಆನೆಗೊಂದಿಯ ಕಡೆಯ ದಂಡೆ ಕೊಪ್ಪಳ ಜಿಲ್ಲೆಗೆ ಸೇರಿದೆ. ಇಷ್ಟು ಕಚೇರಿಗಳ ಬಾಗಿಲು ತಟ್ಟುವ ಶಕ್ತಿ ದೊಡ್ಡ ಹೋಟೆಲು ಕಂಪನಿಗಿರಬಹುದು. ಹತ್ತು ಕೋಣೆಯ ತಂಗುದಾಣ ತೆರೆಯಬೇಕೆನ್ನುವ ಸಣಾಪುರದ ರೈತನಿಗೆ ಅದು ಸಾಧ್ಯವಿಲ್ಲ. ಅವನು ಯಾವನೋ ಮಧ್ಯವರ್ತಿಯ ಮಾತು ನಂಬಿ ಕಟ್ಟುತ್ತಾನೆ. ಕಟ್ಟಿದ ಮೇಲೆ ಪ್ರತಿಯೊಬ್ಬ ಅಧಿಕಾರಿಗೂ ಹೆದರುತ್ತಾನೆ.

ಆದುದರಿಂದ ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡಬೇಕಾದ ಮೊದಲ ಬೇಡಿಕೆ ರಿಯಾಯಿತಿಯದಲ್ಲ, ನಕ್ಷೆಯದು. ಪ್ರಾಧಿಕಾರದ ವ್ಯಾಪ್ತಿಯ ಪ್ರತಿಯೊಂದು ಗ್ರಾಮದಲ್ಲಿ, ಸರ್ವೆ ನಂಬರುವಾರು, ಎಲ್ಲಿ ಏನೂ ಕಟ್ಟುವಂತಿಲ್ಲ, ಎಲ್ಲಿ ಎಷ್ಟು ಎತ್ತರದವರೆಗೆ ಕಟ್ಟಬಹುದು, ಎಲ್ಲಿ ವ್ಯವಸಾಯವಷ್ಟೇ ನಡೆಯಬೇಕು ಎಂಬುದನ್ನು ತೋರಿಸುವ ನಕ್ಷೆ ಕನ್ನಡದಲ್ಲಿ ಪ್ರಕಟವಾಗಿ ಪಂಚಾಯತಿಯ ಗೋಡೆಯ ಮೇಲೆ ಇರಬೇಕು. ಎಲ್ಲ ಇಲಾಖೆಗಳ ಪರವಾಗಿ ಒಂದೇ ಕಡೆ ಅರ್ಜಿ ಸ್ವೀಕರಿಸಿ, ಇಂತಿಷ್ಟು ದಿನಗಳೊಳಗೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಲಿಖಿತವಾಗಿ ಹೇಳುವ ಏರ್ಪಾಡು ಬೇಕು. ‘ಆಗುವುದಿಲ್ಲ’ ಎಂಬ ಉತ್ತರವೂ ವ್ಯಾಪಾರಿಗೆ ಲಾಭವೇ. ಆ ಹಣವನ್ನು ಅವನು ಬೇರೆಡೆ ತೊಡಗಿಸುತ್ತಾನೆ. ಉತ್ತರವೇ ಬಾರದಿರುವುದು ಅತಿದೊಡ್ಡ ನಷ್ಟ. ಬ್ಯಾಂಕುಗಳೂ ಈ ನಕ್ಷೆಯನ್ನು ನೋಡಿಯೇ ಸಾಲ ಕೊಡುವಂತಾದರೆ ಅಕ್ರಮ ಕಟ್ಟಡಗಳಿಗೆ ಅರ್ಧ ಕಡಿವಾಣ ತಾನಾಗಿಯೇ ಬೀಳುತ್ತದೆ.

ಗದ್ದೆ, ಬಾಳೆತೋಟಗಳ ವಿಷಯದಲ್ಲಿ ಮಾತ್ರ ನಕ್ಷೆಯೊಂದೇ ಸಾಲದು. ಎಲ್ಲರೂ ನೋಡಿ ಸಂತೋಷಪಡುವ ಹಸಿರನ್ನು ಬೆಳೆಸುವ ರೈತನಿಗೆ ಆ ನೋಟದಿಂದ ಒಂದು ಕಾಸೂ ದೊರೆಯುವುದಿಲ್ಲ. ಅವನ ಭೂಮಿಯ ಮೇಲೆ ನಿರ್ಬಂಧ ಮಾತ್ರ ಬೀಳುತ್ತದೆ. ಹೊಲ ಮಾರಿದವನನ್ನು ದೂಷಿಸುವ ಮೊದಲು ಈ ಅನ್ಯಾಯವನ್ನು ಒಪ್ಪಿಕೊಳ್ಳಬೇಕು. ಸುತ್ತಲಿನ ವಸತಿಗೃಹಗಳು ತಮ್ಮ ಅಡುಗೆಮನೆಗೆ ಬೇಕಾದ ಅಕ್ಕಿ, ಬಾಳೆ, ತರಕಾರಿಯನ್ನು ಪಾರಂಪರಿಕ ಪ್ರದೇಶದ ರೈತರಿಂದಲೇ ನಿಗದಿತ ಬೆಲೆಗೆ ಕೊಳ್ಳುವ ಒಪ್ಪಂದ ಮಾಡಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಇದಕ್ಕೆ ಯಾವ ಕಾಯಿದೆಯೂ ಬೇಕಿಲ್ಲ.

ಮಾರುವ ಸರಕು ಯಾರದು

ಇನ್ನು ಅಂಗಡಿಗಳಲ್ಲಿ ಮಾರುವ ಸರಕಿನ ಮಾತು. ಹಂಪಿಯ ನೆನಪಿಗೆಂದು ಪ್ರವಾಸಿ ಕೊಂಡೊಯ್ಯುವ ವಸ್ತುಗಳಲ್ಲಿ ಬಹುಪಾಲು ದೇಶದ ಯಾವ ಪ್ರವಾಸಿ ತಾಣದಲ್ಲಿಯೂ ಸಿಗುವಂಥವು. ಅಚ್ಚಿನಲ್ಲಿ ಎರಕ ಹೊಯ್ದ ಕಲ್ಲಿನ ರಥ, ಬೇರೆ ರಾಜ್ಯದಿಂದ ಬಂದ ಚೀಲ, ಎಲ್ಲಿಯೋ ಮುದ್ರಿಸಿದ ಅಂಗಿ. ಇದರಲ್ಲಿ ಸ್ಥಳೀಯ ಸಣ್ಣ ತಯಾರಕನಿಗೆ ಉಳಿಯುವುದು ಮಾರಾಟದ ಕಮಿಷನ್ ಮಾತ್ರ. ಅಂಗಡಿಯವನನ್ನು ದೂರಿ ಫಲವಿಲ್ಲ. ಕೇಳಿದಷ್ಟು, ಕೇಳಿದ ಹೊತ್ತಿಗೆ, ಒಂದೇ ದರ್ಜೆಯ ಸರಕು ಒದಗಿಸುವವನಿಂದ ಅವನು ಕೊಳ್ಳುತ್ತಾನೆ.

ಆದರೆ ಕೈಗೆಟುಕುವ ದೂರದಲ್ಲಿಯೇ ಇರುವ ಕಸುಬುಗಳನ್ನು ನೋಡಬೇಕು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2023ರ ಜುಲೈನಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯಪಡೆಯ ಸಭೆ ಹಂಪಿಯಲ್ಲಿ ನಡೆದಾಗ ಈ ಕಸೂತಿಯ 1,755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಕೊಪ್ಪಳದ ಸಮೀಪದ ಕಿನ್ನಾಳದ ಬಣ್ಣದ ಗೊಂಬೆಗಳಿಗೂ ಅದೇ ಮಾನ್ಯತೆ ಇದೆ. ಹಗುರವಾದ ಮರ, ಅದರ ಮೇಲೆ ಹುಣಸೆಬೀಜದ ಅಂಟು, ಮರದ ಹೊಟ್ಟು ಮುಂತಾದವನ್ನು ಸೇರಿಸಿದ ‘ಕಿಟ್ಟ’, ಅದರ ಮೇಲೆ ಬಣ್ಣ. ವಿಜಯನಗರದ ಕಾಲದ ಚಿತ್ರಗಾರರ ಪರಂಪರೆಯದೆಂದು ಆ ಕುಟುಂಬಗಳು ಹೇಳಿಕೊಳ್ಳುವ ಕಸುಬು ಇದು. ಆನೆಗೊಂದಿಯಲ್ಲಿ ಬಾಳೆಯ ನಾರಿನಿಂದ ಚೀಲ, ಬುಟ್ಟಿ, ಚಾಪೆ ಮಾಡುವ ಮಹಿಳೆಯರಿದ್ದಾರೆ. ಗೊನೆ ಕಡಿದ ಮೇಲೆ ಎಸೆಯುವ ದಿಂಡೇ ಅವರ ಕಚ್ಚಾವಸ್ತು. ಇವುಗಳಲ್ಲಿ ಕೊರತೆ ಇರುವುದು ಕುಶಲತೆಯದಲ್ಲ. ಒಂದೇ ಅಳತೆ, ಸಮಯಕ್ಕೆ ಸರಬರಾಜು, ವಿಮಾನದ ಸಾಮಾನಿನಲ್ಲಿ ಮುರಿಯದೆ ಹೋಗುವ ಕಟ್ಟು, ಬೆಲೆಚೀಟಿ, ಆರು ತಿಂಗಳ ಸೀಜನ್ನಿಗೆ ಮುಂಚೆ ಸರಕು ಮಾಡಿಡಲು ಕೈಬಂಡವಾಳ, ಇಷ್ಟೇ ಕೊರತೆ. ಈ ಪತ್ರಿಕೆಯ ಓದುಗರಾದ ಸಣ್ಣ ಕೈಗಾರಿಕೋದ್ಯಮಿಗಳಿಗೆ ಇವೆಲ್ಲ ದಿನನಿತ್ಯದ ವ್ಯವಹಾರ. ದಾಖಲೆಯ ಪ್ರದರ್ಶನಕ್ಕೆ 1,755 ವಸ್ತುಗಳನ್ನು ಕೂಡಿಸಿದಷ್ಟೇ ಆಸ್ಥೆಯಿಂದ ಅವುಗಳ ಕಾಲುಭಾಗವನ್ನಾದರೂ ವರ್ಷವಿಡೀ ಹಂಪಿ, ಕಮಲಾಪುರ, ಹೊಸಪೇಟೆಯ ಅಂಗಡಿಗಳ ಕಪಾಟಿನಲ್ಲಿ ಇರುವಂತೆ ನೋಡಿಕೊಂಡರೆ ಆ ಹೆಣ್ಣುಮಕ್ಕಳಿಗೆ ಗಿನ್ನೆಸ್ ಪ್ರಮಾಣಪತ್ರಕ್ಕಿಂತ ಹೆಚ್ಚಿನ ಉಪಯೋಗವಾದೀತು.

ಯಾತ್ರಿಕನನ್ನೂ ಪ್ರವಾಸಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಇಲ್ಲಿಯ ವ್ಯಾಪಾರಿಗಳ ಇನ್ನೊಂದು ತಪ್ಪು. ಅಂಜನಾದ್ರಿಯ ಮೆಟ್ಟಿಲು ಹತ್ತಲು ವಾರಾಂತ್ಯದಲ್ಲಿ ಬರುವವನು ಸಂಸಾರ ಸಮೇತ ಬಂದು, ಪ್ರಸಾದ ಸ್ವೀಕರಿಸಿ, ಸಂಜೆಗೆ ಹೊರಡುತ್ತಾನೆ. ಅವನಿಗೆ ನೆರಳು, ಕುಡಿಯುವ ನೀರು, ಶೌಚಾಲಯ, ಕಡಿಮೆ ದರದ ಊಟ ಬೇಕು. ಸ್ಮಾರಕ ನೋಡಲು ಬರುವವನು ಮೂರು ದಿನ ಉಳಿಯಬಲ್ಲ. ಆದರೆ ಎರಡನೆಯ ದಿನ ಏನು ನೋಡಬೇಕೆಂದು ಹೇಳುವವರಿಲ್ಲದಿದ್ದರೆ ಅವನೂ ಸಂಜೆಗೆ ಹೊರಡುತ್ತಾನೆ. ದರೋಜಿಯ ಕರಡಿ, ನದಿಯ ನೀರುನಾಯಿ, ತುರ್ತು ಕಾಲುವೆಯ ದಂಡೆಯ ನಡಿಗೆ, ಸಂಡೂರಿನ ಕಾಡು, ಕಿನ್ನಾಳದ ಕೆಲಸದಮನೆ ಇವೆಲ್ಲ ಆ ಎರಡನೆಯ ದಿನದ ಸರಕು. ಒಂದು ರಾತ್ರಿ ಹೆಚ್ಚು ಉಳಿದ ಗಿರಾಕಿಗೆ ಹೊಸ ಕಟ್ಟಡ ಬೇಕಿಲ್ಲ, ಇರುವ ಕೋಣೆಯೇ ಸಾಕು.

ಭದ್ರತೆಯ ವಿಚಾರದಲ್ಲಿ ಮೈಮರೆಯುವಂತಿಲ್ಲ. 2025ರ ಮಾರ್ಚಿನಲ್ಲಿ ಸಣಾಪುರದ ಬಳಿ ರಾತ್ರಿವೇಳೆ ಪ್ರವಾಸಿಗರ ಮೇಲೆ ನಡೆದ ಅತ್ಯಾಚಾರ ಮತ್ತು ಹಲ್ಲೆಯಲ್ಲಿ ಒಬ್ಬ ಪ್ರವಾಸಿ ಪ್ರಾಣ ಕಳೆದುಕೊಂಡನು. ಸುದ್ದಿ ದೇಶವಿದೇಶಗಳಿಗೆ ಹಬ್ಬಿತು. ದಂಡೆಯ ಮೇಲೆ ದೀಪ, ಗಸ್ತು, ಪ್ರತಿ ತಂಗುದಾಣದ ನೋಂದಣಿ ಇವನ್ನು ಪೊಲೀಸರ ಕೆಲಸವೆಂದು ಬಿಡುವ ಬದಲು ವಸತಿಗೃಹಗಳ ಮಾಲೀಕರು ತಾವೇ ವಂತಿಗೆ ಹಾಕಿ ಏರ್ಪಡಿಸಿಕೊಳ್ಳುವುದು ಲೇಸು. ಮಾರುಕಟ್ಟೆ ಬೀದಿಗೆ ರಾತ್ರಿ ಕಾವಲುಗಾರನನ್ನು ನೇಮಿಸಿಕೊಳ್ಳುವ ವರ್ತಕರಿಗೆ ಇದು ಹೊಸ ಪದ್ಧತಿಯೇನಲ್ಲ. 2019ರಲ್ಲಿ ಕಂಬಗಳನ್ನು ಉರುಳಿಸಿದ ಯುವಕರಿಗೆ ಹೊಸಪೇಟೆಯ ನ್ಯಾಯಾಲಯ ದಂಡ ವಿಧಿಸಿದ್ದಲ್ಲದೆ ಅವರಿಂದಲೇ ಕಂಬಗಳನ್ನು ಮತ್ತೆ ನಿಲ್ಲಿಸಿದ ಪ್ರಸಂಗ ನೆನಪಿನಲ್ಲಿರಬಹುದು. ಕೆಡಿಸಿದವನಿಂದಲೇ ಸರಿಪಡಿಸುವ ಈ ಕ್ರಮ ಪ್ಲಾಸ್ಟಿಕ್ ಬಾಟಲಿ ಎಸೆಯುವ ಪ್ರವಾಸಿಗೂ, ನದಿಗೆ ಕೊಳಚೆ ಬಿಡುವ ಉಪಾಹಾರ ಗೃಹಕ್ಕೂ ಅನ್ವಯವಾಗಬೇಕು.

ಕೊನೆಯದಾಗಿ ಹಂಪಿ ಉತ್ಸವದ ದಿನಾಂಕದ ಸಂಗತಿ. ಹಿಂದೆ ನವೆಂಬರ್ ಮೊದಲ ವಾರದ ಉತ್ಸವವೆಂದೇ ಹೆಸರಾಗಿದ್ದ ಇದು 2023ರಲ್ಲಿ ಜನವರಿಯ ಕೊನೆಗೆ, 2024ರಲ್ಲಿ ಫೆಬ್ರವರಿಯ ಮೊದಲಿಗೆ, 2025ರಲ್ಲಿ ಫೆಬ್ರವರಿಯ ಕೊನೆಯಿಂದ ಮಾರ್ಚ್ ಆರಂಭದವರೆಗೆ ನಡೆಯಿತು. ಹೊರದೇಶದ ಪ್ರವಾಸ ಸಂಸ್ಥೆಗಳು ಒಂದು ವರ್ಷ ಮುಂಚೆಯೇ ಕಾರ್ಯಕ್ರಮ ಗೊತ್ತುಮಾಡುತ್ತವೆ. ಕಸೂತಿಯ ಹೆಂಗಸರಿಗೂ ಗೊಂಬೆಯ ಕುಶಲಕರ್ಮಿಗಳಿಗೂ ಸರಕು ಸಿದ್ಧಪಡಿಸಲು ತಿಂಗಳುಗಳು ಬೇಕು. ಮೈಸೂರು ದಸರೆಯ ತಿಥಿಯನ್ನು ಪಂಚಾಂಗ ನೋಡಿ ಯಾರಾದರೂ ಹೇಳಬಲ್ಲರು; ಹಂಪಿ ಉತ್ಸವಕ್ಕೆ ಮಾತ್ರ ಸರ್ಕಾರದ ಪ್ರಕಟಣೆಯನ್ನು ಕಾಯಬೇಕು. ಮೂರು ದಿನಗಳ ವೇದಿಕೆ, ದೀಪಾಲಂಕಾರಗಳಿಗೆ ಮಾಡುವ ವೆಚ್ಚದಲ್ಲಿ ಒಂದು ಪೈಸೆಯನ್ನೂ ಹೆಚ್ಚಿಸದೆ, ಮುಂದಿನ ಐದು ವರ್ಷಗಳ ದಿನಾಂಕಗಳನ್ನು ಈಗಲೇ ಗೊತ್ತುಪಡಿಸಿ ಪ್ರಕಟಿಸಲು ಸಾಧ್ಯವಿದೆ. ವಿಜಯನಗರ, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳ ವರ್ತಕ ಸಂಘಗಳು ಸೇರಿ ಈ ಒಂದು ಮನವಿಯನ್ನಾದರೂ ಮುಂದಿನ ಉತ್ಸವದ ಪೂರ್ವಭಾವಿ ಸಭೆಗೆ ಮುನ್ನ ಜಿಲ್ಲಾಡಳಿತಕ್ಕೆ ತಲುಪಿಸಬೇಕು. ಸರ್ವೆ ನಂಬರಿನ ನಕ್ಷೆಯ ಬೇಡಿಕೆಯನ್ನೂ ಅದೇ ಮನವಿಯ ಎರಡನೆಯ ಪುಟದಲ್ಲಿ ಸೇರಿಸಬಹುದು.